ಏಳು ಅಡಿ ರಾಡ್, ಆರು ವರ್ಷ, ಟೆಕ್ಸಸ್‌ನ ಬಾಸ್ ಮೀನು

ಬಾಸ್ ಮೀನು ಹಿಡಿಯಲು ಈ ರಾಡ್ ಮತ್ತು ದಾರ ಸುತ್ತುವ ರೀಲ್ ಕೊಂಡಿದ್ದು 2019ರ ಮಾರ್ಚ್‌ನಲ್ಲಿ. ಏಳು ಅಡಿ ಉದ್ದದ ಸ್ಪಿನ್ನಿಂಗ್ ರಾಡ್ (ರೀಲ್ ಕೆಳಗೆ ನೇತಾಡುವಂಥದ್ದು), ಮೀಡಿಯಂ ಪವರ್, ಫಾಸ್ಟ್ ಆ್ಯಕ್ಷನ್. ಜೊತೆಗೆ 2500 ಅಳತೆಯ ರೀಲ್. ಎರಡೂ ಸೇರಿ 140 ಡಾಲರ್ ಆಯಿತು. ನಮ್ಮ ಮನೆ ಇರುವುದು ಡಲ್ಲಾಸ್ ಪಕ್ಕದ ಒಂದು ಊರಿನಲ್ಲಿ. ವಾರಕ್ಕೆ ಎರಡು ಸಂಜೆ ಬಡಾವಣೆಯ ಕೊಳಕ್ಕೆ, ತಿಂಗಳಿಗೊಮ್ಮೆ ದೊಡ್ಡ ಕೆರೆಗೆ, ಹೀಗೆ ಆರು ವರ್ಷಕ್ಕೂ ಮೇಲೆ ಇದನ್ನು ಬಳಸಿದ್ದೇನೆ. ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಈ ಅಳತೆಯದ್ದು ಯಾವ ಒಳ್ಳೆಯ ಕಂಪನಿಯದ್ದಾದರೂ ನಡೆಯುತ್ತದೆ. ಮೀನು ಸಿಗುವುದು, ಸಿಗದೆ ಹೋಗುವುದು ರೀಲ್ ಮೇಲೆ ಸುತ್ತಿರುವ ಲೈನ್‌ನಿಂದ, ಅಂದರೆ ಗಾಳದ ದಾರದಿಂದ. ಇದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟೆಕ್ಸಸ್‌ನಲ್ಲಿ ಸುಮ್ನೆ ಬಾಸ್ ಅಂದರೆ ಲಾರ್ಜ್‌ಮೌತ್ ಬಾಸ್. ಹಸಿರು ಮೈ, ಪಕ್ಕದಲ್ಲಿ ಉದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿಗಿಂತ ಹಿಂದಕ್ಕೆ ಹೋಗುವ ದೊಡ್ಡ ಬಾಯಿ. ಕರ್ನಾಟಕದ ಊರುಗಳಲ್ಲಿ ಕೊರವ ಮೀನು ಹಿಡಿದವರಿಗೆ ಇದರ ಗುಣ ಬೇಗ ಅರ್ಥವಾಗುತ್ತದೆ. ಎರಡೂ ಬೇರೆ ಬೇರೆ ಜಾತಿ. ಆದರೆ ಕಳೆಯ ಮರೆಯಲ್ಲಿ ಅಲುಗಾಡದೆ ನಿಂತು, ಹತ್ತಿರ ಬಂದ ಕಪ್ಪೆಯನ್ನೋ ಸಣ್ಣ ಮೀನನ್ನೋ ಗಬಕ್ಕನೆ ನುಂಗುವ ಚಾಳಿ ಎರಡಕ್ಕೂ ಇದೆ. ಮರಿ ಕಾಯುವುದೂ ಹಾಗೆಯೇ. ಬಾಸ್‌ನಲ್ಲಿ ಗೂಡು ಕಾಯುವುದು ಗಂಡು ಮೀನು. ಹಾಗಾಗಿ ಬಾಸ್ ಹುಡುಕುವುದು ಅಂದರೆ ಮರೆ ಹುಡುಕುವುದು: ಮುಳುಗಿದ ಮರ, ದೋಣಿ ಕಟ್ಟುವ ಡಾಕ್, ನೀರೊಳಗಿನ ಕಳೆಯ ಅಂಚು. ಅಲ್ಲಿಗೆ ಪ್ಲಾಸ್ಟಿಕ್ ಹುಳುವನ್ನು ಸದ್ದಾಗದಂತೆ ಇಳಿಸಬೇಕು.

ರಾಡ್‌ನ ಮೇಲೆ ಬರೆದಿರುವ ಎರಡು ಮಾತು ಹೊಸಬರನ್ನು ಗೊಂದಲಕ್ಕೆ ದೂಡುತ್ತವೆ. ಪವರ್ ಅಂದರೆ ರಾಡ್ ಬಗ್ಗಿಸಲು ಎಷ್ಟು ಬಲ ಬೇಕು ಅನ್ನುವುದು. ಆ್ಯಕ್ಷನ್ ಅಂದರೆ ಅದು ಎಲ್ಲಿ ಬಗ್ಗುತ್ತದೆ ಅನ್ನುವುದು. ಫಾಸ್ಟ್ ಅಂದರೆ ತುದಿಯ ಕಡೆಗೆ ಮಾತ್ರ ಬಗ್ಗುತ್ತದೆ, ಕೆಳಗೆ ಗಟ್ಟಿಯಾಗಿರುತ್ತದೆ. ಒಂದೇ ಕೊಕ್ಕೆಯ ಹುಳುವಿಗೆ ಇದೇ ಸರಿ, ಎಳೆದ ಕೂಡಲೇ ಕೊಕ್ಕೆ ನಾಟುತ್ತದೆ. ಮೂರು ಮೊನೆಯ ಕೊಕ್ಕೆ ಇರುವ ಕ್ರ್ಯಾಂಕ್‌ಬೇಟ್ ಅನ್ನುವ ಮೀನುಗೊಂಬೆಗೆ ನಡುವಿನವರೆಗೂ ಬಗ್ಗುವ ಮಾಡರೇಟ್ ರಾಡ್ ಒಳ್ಳೆಯದು. ಫಾಸ್ಟ್ ರಾಡ್‌ನಲ್ಲಿ ಎಳೆದರೆ ಕೊಕ್ಕೆ ಬಾಯಿಂದ ಕಿತ್ತು ಬರುತ್ತದೆ. ನನ್ನ ರಾಡ್‌ಗೆ ಇದೊಂದು ಮಿತಿ ಇದೆ. ನಾನು ಕ್ರ್ಯಾಂಕ್‌ಬೇಟ್ ಹಾಕುವುದು ಕಡಿಮೆ, ನನಗೆ ಅದು ಕಾಡಲಿಲ್ಲ.

ಈಗ ಲೈನ್. ಮೊದಲ ವರ್ಷ ಅಂಗಡಿಯಲ್ಲಿ ಸುತ್ತಿಕೊಟ್ಟ ಮೋನೋಫಿಲಮೆಂಟ್, ಅಂದರೆ ಒಂಟಿ ಎಳೆಯ ನೈಲಾನ್ ದಾರ, ಇತ್ತು. ಅದು ಹಿಗ್ಗುತ್ತದೆ, ನೀರಿನಲ್ಲಿ ಬೇಗ ಮುಳುಗುವುದಿಲ್ಲ. ಇಪ್ಪತ್ತು ಗಜ ಆಚೆ ಮೀನು ಹುಳುವನ್ನು ಬಾಯಿಗೆ ಹಾಕಿಕೊಂಡು ಉಗುಳಿದರೂ ಕೈಗೆ ಏನೂ ಬರುತ್ತಿರಲಿಲ್ಲ. ಎರಡನೇ ವರ್ಷ ಹೆಣೆದ ಲೈನ್, ಅಂದರೆ ಬ್ರೇಡ್, ತಂದು ನಾನೇ ಸುತ್ತಿದೆ. ಅದಕ್ಕೆ ಹಿಗ್ಗು ಇಲ್ಲ, ಚಿಕ್ಕ ಮುಟ್ಟೂ ಬೆರಳಿಗೆ ತಾಗುತ್ತದೆ. ಆದರೆ ರೀಲ್‌ನ ಸ್ಪೂಲ್‌ಗೆ, ಅಂದರೆ ದಾರದ ಉರುಳೆಗೆ, ನೇರವಾಗಿ ಸುತ್ತಿಬಿಟ್ಟಿದ್ದೆ. ಒಳ್ಳೆ ಗಾತ್ರದ ಮೊದಲ ಮೀನು ಬಂದಾಗ ರೀಲ್ ತಿರುಗಿಸುತ್ತಲೇ ಇದ್ದೇನೆ, ಲೈನ್ ಮಾತ್ರ ಒಳಗೆ ಬರುತ್ತಿಲ್ಲ. ನುಣುಪಾದ ಸ್ಪೂಲ್ ಮೇಲೆ ಇಡೀ ಬ್ರೇಡ್ ಉಂಡೆಯೇ ಜಾರುತ್ತಿತ್ತು. ಮೀನು ಮರದ ಬೇರಿಗೆ ಸುತ್ತಿಕೊಂಡು ಹೋಯಿತು. ತುಂಬಾ ಬೇಜಾರಾಯಿತು. ಬಾಯಲ್ಲಿ ಕೊಕ್ಕೆ ಇಟ್ಟುಕೊಂಡು ಹೋಯಿತಲ್ಲ ಅಂತ ಅವತ್ತು ರಾತ್ರಿ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಅದಕ್ಕೆ ಪರಿಹಾರ ಸುಲಭ. ಮೊದಲು ಹತ್ತು ಗಜ ಮೋನೋ ಸುತ್ತಿ, ಅದಕ್ಕೆ ಬ್ರೇಡ್ ಕಟ್ಟಿ ಸುತ್ತಬೇಕು. ಮೋನೋ ಸ್ಪೂಲ್ ಅನ್ನು ಕಚ್ಚಿ ಹಿಡಿಯುತ್ತದೆ. ಈಗ ನಾನು ಬಳಸುವುದು 15 ಪೌಂಡ್ ಎಳೆತ ತಡೆಯುವ ಬ್ರೇಡ್, ಅದರ ತುದಿಗೆ ಎಂಟು ಅಡಿ 10 ಪೌಂಡ್ ಫ್ಲೋರೋಕಾರ್ಬನ್ ಅನ್ನುವ ಒಂಟಿ ಎಳೆಯ ದಾರ. ಫ್ಲೋರೋ ಮುಳುಗುತ್ತದೆ, ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕಲ್ಲಿಗೆ ಉಜ್ಜಿದರೆ ಬ್ರೇಡ್‌ಗಿಂತ ಜಾಸ್ತಿ ತಡೆಯುತ್ತದೆ. ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು, ಕೊಕ್ಕೆಗೆ ಪಾಲೊಮಾರ್ ಗಂಟು. ಬಿಗಿ ಮಾಡುವ ಮುಂಚೆ ಗಂಟನ್ನು ಎಂಜಲಿನಿಂದ ಒದ್ದೆ ಮಾಡಲೇಬೇಕು. ಒಣಗಿದ್ದಾಗ ಎಳೆದರೆ ಬಿಸಿಯಾಗಿ ಫ್ಲೋರೋ ಸುರುಳಿಸುರುಳಿ ಆಗುತ್ತದೆ, ಅಲ್ಲೇ ತುಂಡಾಗುತ್ತದೆ. ಪ್ರತಿ ಮೀನಿನ ನಂತರ ಕೊನೆಯ ಎರಡು ಅಡಿಯನ್ನು ತುಟಿಗೆ ತಾಗಿಸಿ ಎಳೆದು ನೋಡುತ್ತೇನೆ. ಒರಟು ಸಿಕ್ಕಿದರೆ ಕತ್ತರಿಸಿ ಮತ್ತೆ ಕಟ್ಟುತ್ತೇನೆ. ಇದಕ್ಕೆ ಎರಡು ನಿಮಿಷ ಸಾಕು.

ಸ್ಪಿನ್ನಿಂಗ್ ರೀಲ್‌ನಲ್ಲಿ ಲೈನ್ ಗೋಜಲಾಗುತ್ತದೆ ಅಂತ ಬೈಯುವವರು ಜಾಸ್ತಿ. ನನಗೂ ಆಗುತ್ತಿತ್ತು. ಮೂರು ಅಭ್ಯಾಸ ಬದಲಾಯಿಸಿದ ಮೇಲೆ ಬಹುತೇಕ ನಿಂತಿದೆ. ಎಸೆದ ಮೇಲೆ ಬೇಲ್ ಅನ್ನು, ಅಂದರೆ ಲೈನ್ ಹಿಡಿಯುವ ತಂತಿ ಕಮಾನನ್ನು, ಹ್ಯಾಂಡಲ್ ತಿರುಗಿಸಿ ಮುಚ್ಚದೆ ಕೈಯಿಂದ ಮುಚ್ಚುವುದು. ಮುಚ್ಚಿದ ಕೂಡಲೇ ಸಡಿಲ ಲೈನ್ ಅನ್ನು ಒಮ್ಮೆ ಎಳೆದುಕೊಳ್ಳುವುದು. ಮೀನು ಲೈನ್ ಎಳೆದುಕೊಂಡು ಓಡುವಾಗ, ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಡುವ ರೀಲ್‌ನ ಬ್ರೇಕ್) ಕಿರ್ ಅನ್ನುತ್ತಿರುವಾಗ, ಹ್ಯಾಂಡಲ್ ತಿರುಗಿಸದೆ ಇರುವುದು. ಆಗ ತಿರುಗಿಸಿದಷ್ಟೂ ಲೈನ್‌ಗೆ ಹುರಿ ಬೀಳುತ್ತದೆ.

ಹುಳು ಅಂದರೆ ನನಗೆ ಐದು ಇಂಚಿನ ಸೆಂಕೊ. ಗ್ಯಾರಿ ಯಾಮಾಮೋಟೊ ಅವರು ಮಾಡಿದ್ದು. ನೋಡಲು ಬರೀ ಪ್ಲಾಸ್ಟಿಕ್ ಕಡ್ಡಿ, ಬಾಲ ಇಲ್ಲ, ಕಾಲಿಲ್ಲ. ಒಳಗೆ ಉಪ್ಪು ಬೆರೆಸಿರುವುದರಿಂದ ತೂಕ ಇದೆ, ಭಾರ ಕಟ್ಟದೆಯೇ ದೂರ ಹೋಗುತ್ತದೆ. ನಡುವಿಗೆ ಕೊಕ್ಕೆ ಚುಚ್ಚಿದರೆ ಅದೇ ವ್ಯಾಕಿ ರಿಗ್. ನೀರಿಗೆ ಬಿದ್ದಾಗ ಎರಡು ತುದಿಯೂ ನಡುಗುತ್ತಾ ನಿಧಾನಕ್ಕೆ ಇಳಿಯುತ್ತದೆ. ಬಾಸ್ ಹಿಡಿಯುವುದು ಆ ಇಳಿಯುವ ಹೊತ್ತಿನಲ್ಲೇ. ಆಗ ನಾವು ಏನೂ ಮಾಡಬಾರದು, ಲೈನ್ ನೋಡುತ್ತಾ ನಿಲ್ಲಬೇಕು. ನೀರಿನ ಮೇಲೆ ಸ್ವಲ್ಪ ಬಾಗಿ ಮಲಗಿದ ಲೈನ್ ನಿಧಾನಕ್ಕೆ ನೇರವಾಗುತ್ತಾ ಹೋಗುತ್ತದೆ. ಇದ್ದಕ್ಕಿದ್ದ ಹಾಗೆ ಒಂದು ಸಣ್ಣ ಅದುರು. ಅಥವಾ ತಳ ಮುಟ್ಟುವ ಮುಂಚೆಯೇ ಲೈನ್ ನಿಂತುಬಿಡುತ್ತದೆ. ಇಲ್ಲಾ ಪಕ್ಕಕ್ಕೆ ನಡೆಯಲು ಶುರು ಮಾಡುತ್ತದೆ, ಯಾರೋ ದಾರ ಹಿಡಿದು ಮೆಲ್ಲಗೆ ಕರೆದುಕೊಂಡು ಹೋಗುವ ಹಾಗೆ. ಸಡಿಲ ಸುತ್ತಿಕೊಂಡು, ತೂಕ ಸಿಕ್ಕಿದ ಮೇಲೆ ರಾಡ್ ಎತ್ತಬೇಕು. ವ್ಯಾಕಿ ಕೊಕ್ಕೆ ಸಣ್ಣದು, ಜೋರಾಗಿ ಸೆಳೆಯುವ ಅಗತ್ಯವಿಲ್ಲ.

ಈ ಮೆತ್ತನೆ ಹುಳುಗಳು ಬೇಗ ಹರಿಯುತ್ತವೆ. ಒಂದು ಮೀನಿಗೆ ಒಂದು ಹುಳು ಹೋಗುವುದೂ ಉಂಟು. ನಡುವಿಗೆ ಸಣ್ಣ ರಬ್ಬರ್ ಉಂಗುರ ಹಾಕಿ ಅದರಡಿಗೆ ಕೊಕ್ಕೆ ತೂರಿಸಿದರೆ ನಾಲ್ಕೈದು ಮೀನಿಗೆ ಬಾಳುತ್ತದೆ. ಹರಿದದ್ದನ್ನು ನೀರಿಗೆ ಎಸೆಯಬೇಡಿ, ಜೇಬಿಗೆ ಹಾಕಿಕೊಳ್ಳಿ. ಮೀನು ಅದನ್ನು ನುಂಗುತ್ತದೆ.

ಅಪ್ಪ 2023ರ ಮಾರ್ಚ್‌ನಲ್ಲಿ ಬಂದಿದ್ದರು. ತೀರ್ಥಹಳ್ಳಿ ಕಡೆಯವರು, ಹುಡುಗರಾಗಿದ್ದಾಗ ಬಿದಿರು ಕೋಲಿಗೆ ಗಾಳ ಕಟ್ಟಿ ಎರೆಹುಳ ಹಾಕಿ ಕೂತವರು. ಅವರನ್ನು ರೇ ರಾಬರ್ಟ್ಸ್ ಕೆರೆಯ ಸ್ಟೇಟ್ ಪಾರ್ಕ್‌ಗೆ ಕರೆದುಕೊಂಡು ಹೋದೆ. ಟೆಕ್ಸಸ್‌ನ ಸ್ಟೇಟ್ ಪಾರ್ಕ್ ಒಳಗೆ ದಡದಿಂದ, ನೀರಿನ ಮೇಲೆ ಚಾಚಿದ ಪಿಯರ್‌ನಿಂದ ಮೀನು ಹಿಡಿಯಲು ಲೈಸೆನ್ಸ್ ಬೇಡ, ಊರಿಂದ ಬಂದವರಿಗೆ ಇದು ದೊಡ್ಡ ಅನುಕೂಲ. ಎಸೆಯುವುದನ್ನು ನಾನು ಮಾಡಿ ರಾಡ್ ಅವರ ಕೈಗೆ ಕೊಟ್ಟೆ. ಅವರು ರಾಡ್ ಅನ್ನು ಎಡಗೈಗೆ ಬದಲಾಯಿಸಿಕೊಂಡರು. ಬಲಗೈಯ ತೋರುಬೆರಳನ್ನು ರೀಲ್‌ನ ಮುಂದೆ ಲೈನ್ ಕೆಳಗೆ ಕೊಟ್ಟು, ಲೈನ್ ಬೆರಳ ಮೇಲೆ ಕೂರುವಂತೆ ಹಿಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಐದು ನಿಮಿಷ ಆಗಿರಬಹುದು. ‘ಮುಟ್ತಾ ಇದೆ’ ಅಂದರು. ನಾನು ಲೈನನ್ನೇ ನೋಡುತ್ತಿದ್ದೆ, ನನಗೆ ಏನೂ ಕಂಡಿರಲಿಲ್ಲ. ಇನ್ನೊಂದು ಕ್ಷಣಕ್ಕೆ ಲೈನ್ ಪಕ್ಕಕ್ಕೆ ಸರಿಯಿತು. ಒಂದೂವರೆ ಪೌಂಡ್ ಮೀನು. ಅವತ್ತಿನಿಂದ ನಾನೂ ಬೆರಳು ಕೊಡುತ್ತೇನೆ. ಗಾಳಿ ಬೀಸುವ ದಿನ ಲೈನ್ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆಗ ಬೆರಳೇ ಗತಿ.

ಕಳೆ ಜಾಸ್ತಿ ಇದ್ದರೆ ವ್ಯಾಕಿ ಬೇಡ, ಟೆಕ್ಸಸ್ ರಿಗ್ ಕಟ್ಟಿ. ಕೊಕ್ಕೆಯ ಮೊನೆಯನ್ನು ಮತ್ತೆ ಹುಳುವಿನೊಳಗೇ ಅಡಗಿಸುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದಿಲ್ಲ. ನನ್ನ ಅಳತೆ 3/0 ಆಫ್‌ಸೆಟ್ ಕೊಕ್ಕೆ, ಮುಂದೆ 3/16 ಔನ್ಸ್‌ನ ಗುಂಡಿನಾಕಾರದ ಭಾರ. ಸೀಸಕ್ಕಿಂತ ಟಂಗ್‌ಸ್ಟನ್ ದುಬಾರಿ. ಆದರೆ ಅದೇ ತೂಕಕ್ಕೆ ಚಿಕ್ಕದಾಗಿರುತ್ತದೆ, ತಳದಲ್ಲಿ ಕೆಸರೋ ಕಲ್ಲೋ ಅಂತ ಚೆನ್ನಾಗಿ ತಿಳಿಸುತ್ತದೆ. ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ. ಬಣ್ಣದಲ್ಲಿ ಎರಡು ಸಾಕು: ತಿಳಿ ನೀರಿಗೆ ಗ್ರೀನ್ ಪಂಪ್‌ಕಿನ್ (ಕಂದು ಬೆರೆತ ಹಸಿರು), ಕೆಂಪು ಕದಡು ನೀರಿಗೆ ಕಪ್ಪು-ನೀಲಿ. ಮೊದಲ ಎರಡು ವರ್ಷ ನಾನು ಕೊಂಡ ಬಣ್ಣದ ಮೀನುಗೊಂಬೆಗಳು ಮೂರು ಡಬ್ಬಿ ತುಂಬ ಇವೆ. ಆ ದುಡ್ಡಿಗೆ ಆರು ವರ್ಷದ ಲೈನ್ ಬರುತ್ತಿತ್ತು.

ಬೇಟ್‌ಕಾಸ್ಟರ್, ಅಂದರೆ ಎಸೆಯುವಾಗ ಸ್ಪೂಲೇ ತಿರುಗುವ ರೀಲ್, ಕೂಡ ಒಂದಿದೆ, ಮೀಡಿಯಂ ಹೆವಿ ರಾಡ್ ಮೇಲೆ. ನೀರಿನ ಮೇಲೆ ಹಾಸಿದ ದಟ್ಟ ಕಳೆಯ ಮೇಲೆ ರಬ್ಬರ್ ಕಪ್ಪೆ ಎಳೆಯಲು 50 ಪೌಂಡ್ ಬ್ರೇಡ್ ಬೇಕು, ಅದಕ್ಕೆ ಸ್ಪಿನ್ನಿಂಗ್ ಆಗುವುದಿಲ್ಲ. ಹೆಬ್ಬೆರಳಿನಿಂದ ಸ್ಪೂಲ್ ತಡೆಯುವುದನ್ನು ಕಲಿಯಲು ಒಂದು ಬೇಸಿಗೆ ಹಿಡಿಯುತ್ತದೆ. ಹೊಸಬರು ಮೊದಲ ವರ್ಷವೇ ಅದನ್ನು ಕೊಳ್ಳುವುದು ಬೇಡ ಅಂತ ನನ್ನ ಅಭಿಪ್ರಾಯ.

ಬಾಳಿಕೆ ವಿಚಾರ. ನಾಲ್ಕನೇ ವರ್ಷ ರಾಡ್ ತುದಿಯ ಉಂಗುರದೊಳಗಿನ ಸೆರಾಮಿಕ್ ಬಿರುಕು ಬಿಟ್ಟಿತು. ಕಣ್ಣಿಗೆ ಕಾಣದ ಬಿರುಕು, ಆದರೆ ಲೈನ್ ಮಾತ್ರ ಮತ್ತೆ ಮತ್ತೆ ತುಂಡಾಗುತ್ತಿತ್ತು. ಹತ್ತಿಯನ್ನು ಉಂಗುರದೊಳಗೆ ತಿರುಗಿಸಿ ನೋಡಿದೆ, ಎಳೆ ಸಿಕ್ಕಿಕೊಂಡಿತು. ತುದಿ ಬದಲಾಯಿಸಲು ಐದು ಡಾಲರ್ ಸಾಕಾಯಿತು, ಬಿಸಿ ಮಾಡಿ ಅಂಟಿಸುವುದು ಅಷ್ಟೆ. ರೀಲ್‌ನ ಲೈನ್ ರೋಲರ್ (ಲೈನ್ ಹಾದುಹೋಗುವ ಸಣ್ಣ ಗಾಲಿ) ಎರಡು ಸಲ ಕೀರಲು ಶುರು ಮಾಡಿತು, ಒಂದು ಹನಿ ಎಣ್ಣೆಗೆ ನಿಂತಿತು. ಬೇಲ್ ಈಗ ಸ್ವಲ್ಪ ಸಡಿಲವಾಗಿದೆ. ಕಾರ್ಕ್ ಹಿಡಿ ಕಪ್ಪಾಗಿದೆ, ಆದರೆ ಒಂದು ಚೂರೂ ಕಿತ್ತಿಲ್ಲ. ರಾತ್ರಿ ಕಾರಿನಲ್ಲೇ ಬಿಡುವಾಗ ಡ್ರ್ಯಾಗ್ ಸಡಿಲ ಮಾಡಿ ಇಡುತ್ತೇನೆ, ಅದರ ವಾಷರ್‌ಗಳು ಒತ್ತಿಕೊಂಡು ಕೂರಬಾರದು ಅಂತ.

ಈ ರಾಡ್‌ನಲ್ಲಿ ನನ್ನ ದೊಡ್ಡ ಮೀನು ಲೇಕ್ ಫೋರ್ಕ್‌ನದ್ದು, ಆರು ಪೌಂಡ್. ಡಲ್ಲಾಸ್‌ನಿಂದ ಪೂರ್ವಕ್ಕೆ ಒಂದೂವರೆ ಗಂಟೆ ದಾರಿ, ಸುಮಾರು 27,000 ಎಕರೆ ನೀರು, ಒಳಗೆಲ್ಲ ಮುಳುಗಿದ ಒಣಮರ. ಟೆಕ್ಸಸ್‌ನ ದಾಖಲೆ ಬಾಸ್, 18.18 ಪೌಂಡ್, 1992ರ ಜನವರಿಯಲ್ಲಿ ಸಿಕ್ಕಿದ್ದು ಇಲ್ಲೇ. ಇಲ್ಲಿ 16ರಿಂದ 24 ಇಂಚಿನ ಬಾಸ್ ಅನ್ನು ಇಟ್ಟುಕೊಳ್ಳುವಂತಿಲ್ಲ, ಮೊಟ್ಟೆ ಇಡುವ ವಯಸ್ಸಿನ ಮೀನು ಉಳಿಯಲಿ ಅಂತ. ನಾನಂತೂ ಎಲ್ಲವನ್ನೂ ಬಿಡುತ್ತೇನೆ. ಕೈ ಒದ್ದೆ ಮಾಡಿಕೊಂಡು, ಒಂದು ಕೈಯಲ್ಲಿ ಕೆಳದವಡೆ, ಇನ್ನೊಂದರಲ್ಲಿ ಹೊಟ್ಟೆಯಡಿ ಹಿಡಿದು ಅಡ್ಡಡ್ಡ ನೀರಿಗೆ ಇಳಿಸಬೇಕು. ದವಡೆಯಲ್ಲೇ ನೇತುಹಾಕಿದರೆ ದೊಡ್ಡ ಮೀನಿಗೆ ಪೆಟ್ಟಾಗುತ್ತದೆ. ‘ಹಿಡಿದು ಬಿಡೋದಾದ್ರೆ ಹಿಡಿಯೋದ್ಯಾಕೆ’ ಅಂತ ಅಮ್ಮ ಈಗಲೂ ಕೇಳುತ್ತಾರೆ. ಅಪ್ಪ ಕೇಳಲಿಲ್ಲ. ಮೀನು ಹಿಡಿಯದೆ ಕಾಪಾಡುವ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕುತ್ತಾ ಬೆಳೆದವರು, ತಮ್ಮ ಮೀನನ್ನು ತಾವೇ ನೀರಿಗೆ ಇಳಿಸಿ ಬಾಲ ಬಡಿದು ಹೋಗುವವರೆಗೂ ಬಗ್ಗಿಯೇ ಇದ್ದರು.

ಮತ್ತೆ ಇದನ್ನೇ ಕೊಳ್ಳುತ್ತೀಯಾ ಅಂತ ಕೇಳಿದರೆ, ಹೌದು, ಇದೇ ಅಳತೆ. ರೀಲ್‌ಗೆ ಇನ್ನೊಂದು ಇಪ್ಪತ್ತು ಡಾಲರ್ ಜಾಸ್ತಿ ಹಾಕಿ ಬೇಲ್ ಗಟ್ಟಿ ಇರುವುದನ್ನು ಆರಿಸುತ್ತೇನೆ. ಬರುವ ಮಾರ್ಚ್‌ನಲ್ಲಿ, ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಬಾಸ್ ದಡಕ್ಕೆ ಬರುವ ಹೊತ್ತಿಗೆ, ಅಪ್ಪ ಮತ್ತೆ ಬರುತ್ತಾರೆ. ರೀಲ್ ಬಿಚ್ಚಿ ಗ್ರೀಸ್ ಹಾಕಿ ಇಟ್ಟಿದ್ದೇನೆ. ಹೊಸ ಬ್ರೇಡ್ ತಂದಿದ್ದೇನೆ, ಸುತ್ತಿಲ್ಲ. ಸುತ್ತುವಾಗ ಲೈನ್ ಬಿಗಿಯಾಗಿ ಹಿಡಿದುಕೊಳ್ಳಲು ಇನ್ನೊಂದು ಜೊತೆ ಕೈ ಬೇಕು.