ಬಿಳಿ ಬದಿಗೆ ಕೊಟ್ಟ ಹಣ: ಫೈವ್-ಇನ್-ಒನ್ ರಿಫ್ಲೆಕ್ಟರ್ ಬಗ್ಗೆ ಒಬ್ಬ ಛಾಯಾಗ್ರಾಹಕಿಯ ಮಾತು

ಹೊಸದಾಗಿ ಭಾವಚಿತ್ರ ತೆಗೆಯಲು ಹೊರಟವರು ನನ್ನನ್ನು ಕೇಳುವುದು ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು. ಇರುವ ಕ್ಯಾಮೆರಾವೇ ಸಾಕು, ಮೊದಲು ಒಂದು ಫೈವ್-ಇನ್-ಒನ್ ರಿಫ್ಲೆಕ್ಟರ್, ಅಂದರೆ ಬೆಳಕನ್ನು ಮುಖದತ್ತ ತಿರುಗಿಸುವ ಬಟ್ಟೆಯ ಚಕ್ರ, ಕೊಳ್ಳಿ ಎನ್ನುತ್ತೇನೆ. 110 ಸೆಂಟಿಮೀಟರ್ ವ್ಯಾಸದ್ದು ಇರಲಿ, ಯಾವ ಕಂಪನಿಯದಾದರೂ ಸರಿ. ಬೆಂಗಳೂರಿನ ಅಂಗಡಿಗಳಲ್ಲಿ ಎರಡು ಸಾವಿರ ರೂಪಾಯಿಯ ಆಚೀಚೆ ಸಿಗುತ್ತದೆ. ಮುಖಗಳನ್ನು ತೆಗೆಯುವುದನ್ನೇ ಜೀವನೋಪಾಯ ಮಾಡಿಕೊಂಡ ಮೇಲೆ ನನ್ನ ಚೀಲಕ್ಕೆ ಎಷ್ಟೋ ಲೆನ್ಸ್‌ಗಳು ಬಂದಿವೆ, ಹೋಗಿವೆ. ಈ ಬಟ್ಟೆಯ ಚಕ್ರ ಮಾತ್ರ ಪ್ರತಿ ಕೆಲಸಕ್ಕೂ ಜೊತೆಗೆ ಬರುತ್ತದೆ.

ವಸ್ತು ಸರಳ. ಸ್ಪ್ರಿಂಗ್ ಉಕ್ಕಿನ ಒಂದು ಬಳೆ, ಅದರೊಳಗೆ ಬಿಗಿದ ಅರೆಪಾರದರ್ಶಕ ಬಿಳಿ ಬಟ್ಟೆ, ಮೇಲೆ ಜಿಪ್ ಹಾಕುವ ಗವಸು. ಗವಸನ್ನು ಒಳಹೊರಗು ಮಾಡಿದರೆ ಬೆಳ್ಳಿ, ಚಿನ್ನ, ಬಿಳಿ, ಕಪ್ಪು ಎಂದು ನಾಲ್ಕು ಬದಿಗಳು. ಒಳಗಿನ ಬಟ್ಟೆ ಐದನೆಯದು. ತಿರುಚಿ ಮಡಚಿದರೆ ಮೂರನೆಯ ಒಂದು ಪಾಲಿಗೆ ಇಳಿದು, ಸ್ಕೂಟರಿನಲ್ಲಿ ಕಾಲಿನ ಬಳಿ ನಿಲ್ಲುತ್ತದೆ. ಹಣ ಕೊಡುವುದು ಐದು ಬದಿಗಳಿಗೆ. ನನ್ನ ಕೆಲಸಕ್ಕೆ ಹೆಚ್ಚಾಗಿ ಒದಗಿರುವುದು ಮೂರು, ಆ ಮೂರರಲ್ಲೂ ಹೆಚ್ಚಿನ ಪಾಲು ಬಿಳಿಯದು.

ಬೆಂಗಳೂರಿನ ಹವೆ ಹಿತವಾದದ್ದು, ನಿಜ. ಬೆಳಕು ಹಾಗಲ್ಲ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಹಗಲಿನ ಸೂರ್ಯ ನೇರ ನೆತ್ತಿಗೆ ಬಂದು, ನೆಟ್ಟ ಕಂಬಕ್ಕೂ ನೆರಳಿಲ್ಲದಂತಾಗುತ್ತದೆ. ಆ ಎರಡು ದಿನಗಳ ನಡುವಿನ ತಿಂಗಳುಗಳಲ್ಲೂ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸರಿಯುವುದು ಹೆಚ್ಚೆಂದರೆ ಹತ್ತು ಡಿಗ್ರಿಯಷ್ಟು. ಕಂಬಕ್ಕೆ ನೆರಳಿಲ್ಲದ ಆ ಹೊತ್ತಿನಲ್ಲಿ ಮುಖದ ತುಂಬ ನೆರಳಿರುತ್ತದೆ: ಕಣ್ಣಿನ ಗುಳಿಯಲ್ಲಿ, ಮೂಗಿನ ಕೆಳಗೆ, ಗಲ್ಲದ ಅಡಿಯಲ್ಲಿ. ಮೋಡ ಕವಿದರೆ ಬೆಳಕು ಮೆತ್ತಗಾಗುತ್ತದೆಯಾದರೂ ಅದು ಹೆಚ್ಚಾಗಿ ಇಳಿಯುವುದು ಮೇಲಿನಿಂದಲೇ, ಹೀಗಾಗಿ ಕಣ್ಣುಗಳು ಮಂಕಾಗಿಯೇ ಉಳಿಯುತ್ತವೆ. ಅಂಥಲ್ಲಿ ಬಿಳಿ ಬದಿಯನ್ನು ಎದೆಯ ಮಟ್ಟದಲ್ಲಿ, ಕೊಂಚ ಓರೆಯಾಗಿ, ಒಂದು ಮೊಳದಷ್ಟು ದೂರದಲ್ಲಿ ಹಿಡಿದು ನೋಡಿ. ಕಣ್ಣಿನ ಪಾಪೆಯಲ್ಲಿ ಬೆಳಕಿನ ಚುಕ್ಕೆ ಮೂಡುತ್ತದೆ, ಮನುಷ್ಯ ಎಚ್ಚರವಾಗಿರುವುದು ಕಾಣುತ್ತದೆ. ಸೊಂಟಕ್ಕಿಂತ ಕೆಳಗೆ ಇಳಿಸಬೇಡಿ. ನೆರಳುಗಳು ಮೇಲುಮುಖವಾಗಿ ಪರಿಚಿತ ಮುಖವೂ ಅಪರಿಚಿತವಾಗುತ್ತದೆ.

ಬಣ್ಣದ ವಿಚಾರದಲ್ಲಿ ಇದರ ಉಪಕಾರ ಇನ್ನೂ ದೊಡ್ಡದು. ಕಬ್ಬನ್ ಉದ್ಯಾನದ ಹುಲ್ಲು ಮತ್ತು ಎಲೆಗಳಿಂದ ಚಿಮ್ಮಿದ ಹಸಿರು ಬೆಳಕು ಗಲ್ಲದ ಅಡಿಯಲ್ಲಿ ಕೂರುತ್ತದೆ. ಅಲ್ಲೇ ಪಕ್ಕದ ಕೆಂಪು ಕಟ್ಟಡಗಳ, ಅಂದರೆ ಅಠಾರ ಕಚೇರಿಯ ಅಥವಾ ಕೇಂದ್ರ ಗ್ರಂಥಾಲಯವಿರುವ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಬಳಿ ನಿಲ್ಲಿಸಿದರೆ ಗೋಡೆಯ ಕೆಂಪು ಕೆನ್ನೆಗೆ ಬಳಿದುಕೊಳ್ಳುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಪಡಸಾಲೆಯ ಕೆಂಪು ಗಾರೆ ನೆಲ ಬಿಸಿಲು ಬಿದ್ದೊಡನೆ ಮುಖದ ಕೆಳಭಾಗಕ್ಕೆ ಕೆಂಪೇರಿಸುತ್ತದೆ. ಹಸಿರೂ ಕೆಂಪೂ ಅರ್ಧ ಮುಖದಲ್ಲಿ ಮಾತ್ರ ಇರುವುದರಿಂದ ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯುವುದು ಸಂಕಟದ ಕೆಲಸ. ನೆಲಕ್ಕೂ ಮುಖಕ್ಕೂ ನಡುವೆ ಬಿಳಿ ಬದಿಯನ್ನು ತಂದರೆ ಅದು ಸ್ಥಳದಲ್ಲೇ ಬಗೆಹರಿಯುತ್ತದೆ. (ಉದ್ಯಾನಗಳಲ್ಲಿ ವೃತ್ತಿಪರ ಚಿತ್ರೀಕರಣಕ್ಕೆ ಅನುಮತಿ ಸಿಗುತ್ತದೆಯೇ ಎಂದು ತೋಟಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಇಷ್ಟು ದೊಡ್ಡ ಚಕ್ರ ಬಿಚ್ಚಿದರೆ ಕಾವಲಿನವರು ಬಂದು ಕೇಳುವುದು ಸಹಜ, ಪತ್ರ ಕೈಯಲ್ಲಿರಲಿ.)

ಬೆಳ್ಳಿ ಬದಿ ಪ್ರಖರ. ದೂರದಿಂದ, ಹತ್ತು ಹನ್ನೆರಡು ಅಡಿಯಿಂದ, ಸಂಜೆಯ ಬೆಳಕನ್ನು ತಲೆಗೂದಲಿಗೆ ಹಾಯಿಸಲು ಒಳ್ಳೆಯದು. ಹತ್ತಿರ ತಂದರೆ ಹಣೆ, ಮೂಗಿನ ತುದಿ ಹೊತ್ತಿ ಉರಿಯುತ್ತವೆ, ಕಣ್ಣಲ್ಲಿ ನೀರು ಬರುತ್ತದೆ. ಹಿರಿಯರ ಮುಂದೆ, ಅದರಲ್ಲೂ ಕಣ್ಣಿನ ಪೊರೆ ತೆಗೆಸಿಕೊಂಡವರ ಮುಂದೆ ನಾನು ಅದನ್ನು ಬಿಚ್ಚುವುದೇ ಇಲ್ಲ. ಚಿನ್ನದ ಬದಿಯ ಬಗ್ಗೆ ಒಂದೇ ಮಾತು: ನಮ್ಮ ಚರ್ಮದಲ್ಲಿ ಹಳದಿ ಕೆಂಪು ಮೊದಲೇ ಇದೆ, ಇನ್ನಷ್ಟು ಸುರಿದರೆ ಅರಿಶಿನ ಹಚ್ಚಿದಂತಾಗುತ್ತದೆ.

ಚರ್ಮದ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಮದುವೆಯ ಪ್ರಸ್ತಾಪಕ್ಕೆ ಚಿತ್ರ ತೆಗೆಸಲು ಬರುವ ಹುಡುಗಿಯರ ಜೊತೆ ಚಿಕ್ಕಮ್ಮನೋ ಅತ್ತೆಯೋ ಬಂದಿರುತ್ತಾರೆ. “ಮೇಡಂ, ಹುಡುಗಿ ಸ್ವಲ್ಪ ಬೆಳ್ಳಗೆ ಕಾಣುವ ಹಾಗೆ ತೆಗೆಯಿರಿ” ಎಂದು ಆ ಹುಡುಗಿಯ ಎದುರಿಗೇ ಹೇಳುತ್ತಾರೆ. ಆ ಕ್ಷಣದಲ್ಲಿ ಹುಡುಗಿಯ ಭುಜ ಕುಗ್ಗುವುದನ್ನು ನಾನು ನೋಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಕಪ್ಪು ಮೈಬಣ್ಣಕ್ಕೆ ಬೇಕಾದದ್ದು ಹೆಚ್ಚು ಬೆಳಕಲ್ಲ, ದೊಡ್ಡ ಬೆಳಕು. ಆ ಚರ್ಮ ಆಕಾರ ಪಡೆಯುವುದು ಅದರ ಮೇಲೆ ಮೂಡುವ ಮಿನುಗಿನಿಂದ. ಬೆಳಕಿನ ಮೂಲ ಚಿಕ್ಕದಾಗಿದ್ದರೆ ಮಿನುಗು ಚುಕ್ಕೆಯಾಗಿ ಎಣ್ಣೆಯ ಜಿಡ್ಡಿನಂತೆ ಕಾಣುತ್ತದೆ. ದೊಡ್ಡದಾಗಿ ಹತ್ತಿರವಿದ್ದರೆ ಕೆನ್ನೆಮೂಳೆಯುದ್ದಕ್ಕೂ, ದವಡೆಯ ಅಂಚಿಗೂ ನಯವಾಗಿ ಹರಿಯುತ್ತದೆ. ಈ ಬಿಳಿ ಚಕ್ರವನ್ನು ಮುಖದ ಪಕ್ಕಕ್ಕೆ, ಚೌಕಟ್ಟಿನ ಅಂಚಿನವರೆಗೂ ತಂದು ನಿಲ್ಲಿಸಿದಾಗ ಅದೇ ಆಗುತ್ತದೆ. ಚಿತ್ರದಲ್ಲಿ ಆಕೆಯ ಬಣ್ಣ ಆಕೆಯದೇ ಆಗಿರುತ್ತದೆ, ಮುಖ ಮಾತ್ರ ಕಡೆದಂತೆ ನಿಲ್ಲುತ್ತದೆ. ಕ್ಯಾಮೆರಾದ ಹಿಂಬದಿಯ ಪರದೆಯನ್ನು ಮೊದಲು ಹುಡುಗಿಗೆ ತೋರಿಸುತ್ತೇನೆ, ಆಮೇಲೆ ಚಿಕ್ಕಮ್ಮನಿಗೆ. ಬೆಳ್ಳಗೆ ಮಾಡಿ ಎಂಬ ಮಾತು ಅದಾದ ಮೇಲೆ ಬಹುಮಟ್ಟಿಗೆ ಬರುವುದಿಲ್ಲ. ಬಂದರೂ ನಾನು ಮಾಡಿಕೊಡುವುದಿಲ್ಲ, ಆ ಕೆಲಸ ಕೈಬಿಟ್ಟರೂ ಸರಿ.

ಫ್ಲ್ಯಾಶ್ ಇಟ್ಟುಕೊಂಡೂ ನಾನು ಇದನ್ನೇ ಮೊದಲು ಕೈಗೆತ್ತಿಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ: ಇದನ್ನು ಯಾರಾದರೂ ಹಿಡಿಯಬೇಕು. ಸಹಾಯಕ ಬಂದಿದ್ದರೂ ಸಾಧ್ಯವಾದಾಗಲೆಲ್ಲ ಮನೆಯವರ ಕೈಗೇ ಕೊಡುತ್ತೇನೆ. ಷಷ್ಟ್ಯಬ್ದಿ ಮುಗಿದ ದಂಪತಿಯ ಚಿತ್ರಕ್ಕೆಂದು ಬಸವನಗುಡಿಯ ಮನೆಯೊಂದಕ್ಕೆ ಹೋಗಿದ್ದೆ. ಯಜಮಾನರು ಬೆನ್ನು ಸೆಟೆಸಿ, ತುಟಿ ಬಿಗಿದು ಕೂತಿದ್ದರು. ಅವರ ಪತ್ನಿಯ ಕೈಗೆ ರಿಫ್ಲೆಕ್ಟರ್ ಕೊಟ್ಟು ಎಲ್ಲಿ ನಿಲ್ಲಬೇಕೆಂದು ತೋರಿಸಿದೆ. ಎರಡು ನಿಮಿಷ ಸುಮ್ಮನಿದ್ದ ಅವರು, “ರೀ, ಪಾಸ್‌ಪೋರ್ಟ್ ಕಚೇರಿಯಲ್ಲಿ ಕೂತ ಹಾಗೆ ಕೂರಬೇಡಿ, ನನ್ನ ಕಡೆ ನೋಡಿ” ಎಂದರು. ಯಜಮಾನರು ನೋಡಿದರು. ಆ ನೋಟ ನನ್ನ ಲೆನ್ಸ್‌ಗೆಂದು ಹುಟ್ಟುವಂಥದ್ದಲ್ಲ. ಆ ಚಿತ್ರ ಈಗ ಅವರ ನಡುಮನೆಯ ಗೋಡೆಯಲ್ಲಿದೆ. ರಂಗಪ್ರವೇಶಕ್ಕೆ ಸಿಂಗರಿಸಿಕೊಂಡ ಮಕ್ಕಳ ಚಿತ್ರ ತೆಗೆಯುವಾಗ ಗೆಳತಿಯ ಕೈಗೆ ಕೊಡುತ್ತೇನೆ. ಇಬ್ಬರೂ ಮಾತಾಡುತ್ತಿರುವಾಗಲೇ ನನ್ನ ಕೆಲಸ ಮುಗಿದಿರುತ್ತದೆ.

ಕಪ್ಪು ಬದಿಯನ್ನು ಬಹಳ ಜನ ತೆರೆದೇ ನೋಡಿರುವುದಿಲ್ಲ. ಜುಲೈ ತಿಂಗಳ ಮೋಡದ ದಿನ ಬೆಳಕು ಎಲ್ಲ ದಿಕ್ಕಿನಿಂದಲೂ ಬಂದು ಮುಖ ಚಪ್ಪಟೆಯಾಗುತ್ತದಲ್ಲ, ಆಗ ಒಂದು ಕೆನ್ನೆಯ ಪಕ್ಕ ಕಪ್ಪನ್ನು ಹಿಡಿಯಿರಿ. ಆ ಬದಿಯ ಬೆಳಕನ್ನು ಅದು ನುಂಗಿ, ದವಡೆಗೆ ಗೆರೆ ಕೊಡುತ್ತದೆ. ಬಿಳಿ ಗೋಡೆಗಳ ಅಪಾರ್ಟ್‌ಮೆಂಟ್ ಕೋಣೆಗಳಲ್ಲೂ ಇದೇ ಉಪಾಯ. ಒಳಗಿನ ಅರೆಪಾರದರ್ಶಕ ಬಟ್ಟೆ ಮಟಮಟ ಮಧ್ಯಾಹ್ನಕ್ಕೆ: ತಲೆಯ ಮೇಲೆ ಅಡ್ಡ ಹಿಡಿದರೆ ಒಂದು ಸ್ಟಾಪ್‌ನಷ್ಟಾದರೂ, ಅಂದರೆ ಅರ್ಧದಷ್ಟಾದರೂ, ಬೆಳಕು ತಗ್ಗುತ್ತದೆ, ನೆರಳಿನ ಅಂಚು ಕರಗುತ್ತದೆ.

ಥರ್ಮೋಕೋಲ್ ಹಾಳೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲುತ್ತದೆ, ಸಿನಿಮಾದವರು ಇಂದಿಗೂ ಬಳಸುತ್ತಾರೆ. ಬೆಳಕನ್ನು ತಿರುಗಿಸುವ ವಿದ್ಯೆಗೆ ಈ ಊರಿನಲ್ಲಿ ದೊಡ್ಡ ಪರಂಪರೆಯೇ ಇದೆ. ಇಲ್ಲಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ವಿ. ಕೆ. ಮೂರ್ತಿ ಅವರು ಗುರುದತ್ತರ 1959ರ ಹಿಂದಿ ಚಿತ್ರ ‘ಕಾಗಜ್ ಕೆ ಫೂಲ್’ನಲ್ಲಿ ಸ್ಟುಡಿಯೊ ಕತ್ತಲೆಯೊಳಗೆ ಇಳಿಸಿದ ಪ್ರಸಿದ್ಧ ಬೆಳಕಿನ ಕಿರಣ ದೊಡ್ಡ ಕನ್ನಡಿಗಳಿಂದ ತಿರುಗಿಸಿ ತಂದ ಹೊರಗಿನ ಬಿಸಿಲು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಹಾಗಾಗಿ ಸಲಕರಣೆಯ ಬೆಲೆ ನೋಡಿ ಕೀಳಾಗಿ ಕಾಣಬೇಡಿ. ಆದರೆ ಥರ್ಮೋಕೋಲ್ ಹಾಳೆಯನ್ನು ಮಲ್ಲೇಶ್ವರದಿಂದ ಜಯನಗರಕ್ಕೆ ಸ್ಕೂಟರಿನಲ್ಲಿ ಒಯ್ಯಲಾಗುವುದಿಲ್ಲ, ಮೂಲೆ ಮುರಿದು ಬಿಳಿ ಕಾಳುಗಳು ರೇಷ್ಮೆ ಸೀರೆಗೆ ಅಂಟಿಕೊಳ್ಳುತ್ತವೆ.

ಕೊರತೆಗಳೂ ಇವೆ. ಸ್ಯಾಂಕಿ ಕೆರೆಯ ಏರಿಯಂಥ ಬಯಲಿನಲ್ಲಿ ಗಾಳಿ ಎದ್ದರೆ ಇದನ್ನು ಹಿಡಿದು ನಿಲ್ಲುವುದು ಕಷ್ಟ. ಇದಕ್ಕೆಂದೇ ಮಾರುವ ಹಗುರ ಸ್ಟ್ಯಾಂಡ್‌ಗಳನ್ನು ಹೊರಾಂಗಣದಲ್ಲಿ ಬಳಸಬೇಡಿ, ಮರಳಿನ ಚೀಲ ಕಟ್ಟಿದರೂ ಮಗುವಿನ ಪಕ್ಕದಲ್ಲಂತೂ ಖಂಡಿತ ಬೇಡ. ಜಿಪ್ ದುರ್ಬಲ, ಗವಸು ತಿರುವುವಾಗ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಳಿ ಬಟ್ಟೆ ಕಾಲ ಕಳೆದಂತೆ ಹಳದಿಗೆ ತಿರುಗುತ್ತದೆ, ಆ ಹಳದಿ ಮುಖಕ್ಕೂ ಬರುತ್ತದೆ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಆರಿಸಿದರೆ ಬಾಳಿಕೆ ಹೆಚ್ಚು.

ಕೊಳ್ಳುವಾಗ ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಬಳೆ ಸೊಟ್ಟಗಿರಬಾರದು. ಬಿಳಿ ಬದಿಯನ್ನು ಅಂಗಡಿಯ ಬಾಗಿಲಿಗೆ ತಂದು ಒಂದು ಬಿಳಿ ಕಾಗದದ ಪಕ್ಕ ಹಿಡಿಯಿರಿ. ನೀಲಿ ಅಥವಾ ಕೆನೆಬಣ್ಣ ಕಂಡರೆ ಬೇರೆಯದು ಕೇಳಿ. ಬಿಳಿಯ ಹಿಂದೆ ಕಪ್ಪು ಬಟ್ಟೆ ಎದ್ದು ಕಾಣುತ್ತಿದ್ದರೆ ಬಟ್ಟೆ ತೆಳು ಎಂದರ್ಥ, ಅದೂ ಬೇಡ. 60 ಸೆಂಟಿಮೀಟರಿನದು ಅಗ್ಗವೆಂದು ತೆಗೆದುಕೊಳ್ಳಬೇಡಿ, ಅದು ಒಂದು ಮುಖಕ್ಕೂ ಸಾಲದು. ಒಬ್ಬರೇ ಓಡಾಡುವವರಾದರೆ 80 ಸೆಂಟಿಮೀಟರಿನ, ಹಿಡಿಕೆ ಇರುವ ತ್ರಿಕೋನಾಕಾರದ್ದು ಸಿಗುತ್ತದೆ. ಒಂದು ಕೈಯಲ್ಲಿ ಅದು, ಇನ್ನೊಂದರಲ್ಲಿ ಕ್ಯಾಮೆರಾ ಹಿಡಿದು ಕೆಲಸ ಮಾಡಬಹುದು.