ಫೀಡ್ಸ್ ಚೀಲವೋ, ಹೊಲದ ಕುದುರೆ ಮೆಂತ್ಯವೋ?

ನಮ್ಮ ಕೋಲಾರದ ಕಡೆ ಹಾಲಿನ ಬಟವಾಡೆ ಆದ ದಿನವೇ ಅರ್ಧ ದುಡ್ಡು ಫೀಡ್ಸ್ (ಚೀಲದಲ್ಲಿ ಬರುವ ಪಶು ಆಹಾರ) ಅಂಗಡಿ ಸೇರುತ್ತದೆ. ಅದಕ್ಕೇ ಕುದುರೆ ಮೆಂತ್ಯ (ಲೂಸರ್ನ್), ಅಲಸಂದೆ, ಬೇಲಿ ಮೆಂತ್ಯ (ಹೆಡ್ಜ್ ಲೂಸರ್ನ್) ಈ ಮೂರೂ ದ್ವಿದಳ ಮೇವನ್ನು ಬೆಳೆದು ಮನೆಯ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸುಗಳಿಗೆ ಹಾಕಿ ನೋಡಿದೆ. ಹಾಲೇನೂ ಜಾಸ್ತಿಯಾಗಲಿಲ್ಲ. ಉಳಿದಿದ್ದು ಚೀಲದ ದುಡ್ಡು.

ಲೆಕ್ಕ ಸುಲಭ. 6ರಿಂದ 8 ಕಿಲೋ ದ್ವಿದಳ ಹಸಿ ಮೇವು ಹಾಕಿದರೆ ಸುಮಾರು ಒಂದು ಕಿಲೋ ಫೀಡ್ಸ್ ಇಳಿಸಬಹುದು. ಫೀಡ್ಸ್ ಕಿಲೋಗೆ 25 ರೂಪಾಯಿ ಅಂತ ಇಟ್ಟುಕೊಳ್ಳಿ. ಆಗ ಮೇವಿನ ಬೆಲೆ ಕಿಲೋಗೆ ಮೂರು, ನಾಲ್ಕು ರೂಪಾಯಿ. ನೀರು, ಗೊಬ್ಬರ, ಕೊಯ್ಲಿನ ಕೂಲಿ ಎಲ್ಲ ಸೇರಿ ಅದರೊಳಗೆ ಬೆಳೆಯಬೇಕು.

ಕುದುರೆ ಮೆಂತ್ಯ ಒಮ್ಮೆ ಬಿತ್ತಿದರೆ ಮೂರು ವರ್ಷ ನಿಲ್ಲುತ್ತದೆ. ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು, ಆಮೇಲೆ ತಿಂಗಳಿಗೊಮ್ಮೆ. 10 ಗುಂಟೆಯಿಂದ ದಿನಕ್ಕೆ ಸರಾಸರಿ 15 ಕಿಲೋ ಸಿಕ್ಕರೆ 50 ರೂಪಾಯಿ ಫೀಡ್ಸ್ ಉಳಿಯುತ್ತದೆ. ಆದರೆ ವಾರ, ಹತ್ತು ದಿನಕ್ಕೊಮ್ಮೆ ನೀರು ಬೇಕೇ ಬೇಕು. ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್‌ಗಳ ಕತೆ ಗೊತ್ತೇ ಇದೆಯಲ್ಲ! ಟೊಮೆಟೊಗೆ ರೇಟು ಬಂದ ವರ್ಷವಂತೂ ಆ 10 ಗುಂಟೆ ನೋಡಿದರೆ ಹೊಟ್ಟೆ ಉರಿಯುತ್ತದೆ. ಮಂಜು ಆರದ ಎಳೆ ಸೊಪ್ಪು ತಿಂದು ಒಂದು ಹಸುವಿನ ಎಡ ಪಕ್ಕೆ ತಮಟೆಯಂತೆ ಉಬ್ಬಿತ್ತು. ಈಗ ಮೊದಲು ರಾಗಿ ಹುಲ್ಲು, ಆಮೇಲೆ ಬಾಡಿಸಿದ ಮೆಂತ್ಯ.

ಅಲಸಂದೆಗೆ ಮಳೆ ಸಾಕು. ಮೇವಿನ ಜೋಳದ ಸಾಲುಗಳ ನಡುವೆ ಬಿತ್ತಿ, ಹೂ ಬರುವಾಗ ಎರಡನ್ನೂ ಒಟ್ಟಿಗೆ ಕೊಯ್ಯುತ್ತೇನೆ. ಈ ಜೋಡಿ ಮುಖ್ಯ. ಜೋಳದಂಥ ಶಕ್ತಿಯ ಮೇವಿಲ್ಲದೆ ಬರೀ ದ್ವಿದಳ ಸುರಿದರೆ ಹೆಚ್ಚಾದ ಪ್ರೋಟೀನ್ ಗಂಜಲದಲ್ಲೇ ಹೋಗುತ್ತದೆ. ಅಲಸಂದೆಯ ತೊಂದರೆ ಅಂದರೆ ಒಂದೇ ಕೊಯ್ಲು, ಪ್ರತಿ ಸಲ ಹೊಸ ಬೀಜ, ಜೊತೆಗೆ ಗಿಡಕ್ಕೆ ಹೇನಿನ ಕಾಟ.

ನನ್ನ ಓಟು ಬೇಲಿ ಮೆಂತ್ಯಕ್ಕೆ. ಬದುವಿನ ಮೇಲೆ ಬೆಳೆಯುವುದರಿಂದ ಹೊಲದ ಜಾಗ ಕೇಳುವುದಿಲ್ಲ. ಬೀಜ ಗಟ್ಟಿ, ಬಿಸಿನೀರಿನಲ್ಲಿ ಅದ್ದಿಯೇ ಬಿತ್ತಬೇಕು. ಮೂರು ತಿಂಗಳಿಗೆ ಮೊದಲ ಕೊಯ್ಲು, ನಂತರ 40 ದಿನಕ್ಕೊಮ್ಮೆ. ಹೊಟ್ಟೆ ಉಬ್ಬರದ ಭಯವೂ ಕಡಿಮೆ. ತಡ ಮಾಡಿದರೆ ಮಾತ್ರ ಕಾಂಡ ಬಲಿತು, ಹಸು ಎಲೆ ಸವರಿ ಕಡ್ಡಿಯನ್ನು ಹಾಗೇ ಬಿಡುತ್ತದೆ.

ಕೊಯ್ಯಲು ಮನೆಯವರೇ ಇದ್ದರೆ ಮೇವು ಬೆಳೆಯಲು ಇಳಿಯಿರಿ. ಕೂಲಿ ಇಟ್ಟು ಕೊಯ್ಯಿಸಬೇಕು ಅನ್ನುವವರಿಗೆ ಚೀಲವೇ ಅಗ್ಗ. ಹಾಲು ಜಾಸ್ತಿ ಕೊಡುವ ಹಸುವಿಗೆ ಫೀಡ್ಸ್ ಪೂರ್ತಿ ನಿಲ್ಲಿಸಬೇಡಿ. ವಾರಕ್ಕೆ ಅರ್ಧ ಕಿಲೋದಂತೆ ಇಳಿಸುತ್ತಾ, ಹಾಲಿನ ಅಳತೆ ನೋಡುತ್ತಾ ಹೋಗಿ.