ಉಚಿತ ಹ್ಯಾಲೋವೀನ್ ಪ್ರಿಂಟ್‌ಗೆ ಕಾರ್ಡ್ ನಂಬರ್ ಕೇಳಿದರೆ ದಯವಿಟ್ಟು ಕೊಡಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಓದಿ. ಹ್ಯಾಲೋವೀನ್ ಅಲಂಕಾರದ "ಉಚಿತ" ಪ್ರಿಂಟ್ ಪ್ಯಾಕ್ ಇಳಿಸಿಕೊಳ್ಳುವಾಗ "ಗುರುತು ಖಚಿತಪಡಿಸಲು 1 ಡಾಲರ್ ಮಾತ್ರ, ವಾಪಸ್ ಬರುತ್ತೆ" ಅಂತ ಕಾರ್ಡ್ ಕೇಳಿದರೆ ಆ ಪುಟ ಮುಚ್ಚಿಬಿಡಿ. ಒಂದೇ ಡಾಲರ್ ಅಲ್ಲವೇ ಅನ್ನಬೇಡಿ. ನನ್ನ ಕಾರ್ಡಿನಿಂದ ಏಳು ದಿನ ಕಳೆಯುತ್ತಿದ್ದಂತೆ 39.95 ಡಾಲರ್ ಹೋಯಿತು. ಎರಡು ಕಾರ್ಟ್ರಿಜ್ ಕಪ್ಪು ಇಂಕ್ ಹೋಯಿತು. ಕೈಗೆ ಬಂದದ್ದು ಎರಡು ಅಕ್ಷರ ಇಲ್ಲದ ತೋರಣ.

ಅಮೆರಿಕದಲ್ಲಿರುವವರಿಗೆ ಇದು ಹೇಗೆ ನಡೆಯುತ್ತೆ ಅಂತ ಗೊತ್ತೇ ಇದೆ. ಅಂಗಡಿಯ ಸಿದ್ಧ ಅಲಂಕಾರಕ್ಕೆ ದುಡ್ಡು ಸುರಿಯುವ ಬದಲು ಪ್ರಿಂಟ್ ತೆಗೆದು, ಕತ್ತರಿಸಿ, ಅಂಟಿಸುತ್ತೇವೆ. ಇಮೇಲ್ ಕೇಳುತ್ತಾರೆ, ಕೊಡುತ್ತೇವೆ, ಪಿಡಿಎಫ್ ಬರುತ್ತೆ. ಆಮೇಲೆ ವಾರಕ್ಕೆರಡು ಬೇಡದ ಮೇಲ್, ಅನ್‌ಸಬ್‌ಸ್ಕ್ರೈಬ್, ಮುಗಿಯಿತು. ಹಾಗೆ ನ್ಯಾಯವಾಗಿ ಕೊಡುವವರು ಎಷ್ಟೋ ಜನ ಇದ್ದಾರೆ, ಅವರ ಬಗ್ಗೆ ತಕರಾರಿಲ್ಲ. ನಾನು ಹೇಳುತ್ತಿರುವುದು ಬೇರೆ ಥರದವರ ಬಗ್ಗೆ.

ಆ ಪುಟದಲ್ಲಿ ಮೂರು ಹಸಿರು ಡೌನ್‌ಲೋಡ್ ಬಟನ್ ಇದ್ದವು. ಎರಡು ಜಾಹೀರಾತು. ಅದರಲ್ಲೊಂದು ಬ್ರೌಸರ್‌ಗೆ ಎಕ್ಸ್‌ಟೆನ್ಷನ್, ಅಂದರೆ ಅದರೊಳಗೆ ಸೇರಿಕೊಳ್ಳುವ ಸಣ್ಣ ತಂತ್ರಾಂಶ, ಹಾಕಿಸುವಂಥದ್ದು. ಪಿಡಿಎಫ್ ಇಳಿಸಲು ಎಕ್ಸ್‌ಟೆನ್ಷನ್ ಬೇಕಿಲ್ಲ, ಯಾವತ್ತೂ ಬೇಕಿಲ್ಲ. ಮೂರನೆಯ ಬಟನ್ ಮೊದಲು ಇಮೇಲ್ ಕೇಳಿತು, ಆಮೇಲೆ ಆ 1 ಡಾಲರ್. "7 ದಿನದ ನಂತರ ತಿಂಗಳಿಗೆ 39.95" ಅನ್ನುವ ಸಾಲು ಬಿಳಿ ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರದಲ್ಲಿತ್ತು. ಅದೂ ಬಟನ್‌ಗಿಂತ ಕೆಳಗೆ. ಫೋನಿನಲ್ಲಿ ನೋಡಿದರೆ ಇನ್ನೂ ಕೆಳಕ್ಕೆ ಎಳೆಯಬೇಕು, ಆಗ ಮಾತ್ರ ಕಾಣುತ್ತೆ. ಬಟನ್ ಕೈಗೆ ಸಿಕ್ಕ ಮೇಲೆ ಯಾರು ಕೆಳಕ್ಕೆ ಎಳೆಯುತ್ತಾರೆ? ನಾನು ಎಳೆಯಲಿಲ್ಲ. ಬರೆಯುವುದಕ್ಕೂ ನಾಚಿಕೆಯಾಗುತ್ತೆ.

ಈಗ ತೋರಣದ ವಿಷಯ. ಹೊಟ್ಟೆ ಉರಿಯುವುದು ಇಲ್ಲೇ.

"ಹ್ಯಾಪಿ ಹ್ಯಾಲೋವೀನ್" ಅಂತ ಇಂಗ್ಲಿಷಿನಲ್ಲಿ ಬರೆಯಲು 14 ಅಕ್ಷರ ಬೇಕು: ಐದು, ಒಂಬತ್ತು. ಒಂದು ಹಾಳೆಗೆ ಒಂದು ಅಕ್ಷರ. ಜಿಪ್ ಬಿಚ್ಚಿದಾಗ ಅಕ್ಷರಮಾಲೆಯ ಫೋಲ್ಡರ್‌ನಲ್ಲಿ 26 ಫೈಲ್ ಇದ್ದವು. ಎಣಿಸಿದೆ. ಇಪ್ಪತ್ತಾರೂ ಇದ್ದವು. ಎಣಿಸಿದ್ದಕ್ಕೇ ಮೋಸ ಹೋದೆ ಅಂತ ಈಗ ಅನ್ನಿಸುತ್ತೆ, ಏಕೆಂದರೆ ಎಣಿಕೆ ಸರಿಯಾಗಿದೆ ಅಂತ ಒಂದೊಂದನ್ನೇ ತೆರೆದು ನೋಡಲಿಲ್ಲ. ಬೇಕಾದವನ್ನು ಆರಿಸಿ 14 ಹಾಳೆ ಒಟ್ಟಿಗೆ ಪ್ರಿಂಟಿಗೆ ಕಳಿಸಿದೆ. ಎಚ್, ಎ, ಪಿ, ಪಿ, ವೈ ಬಂತು. ಮತ್ತೆ ಎಚ್, ಎ, ಎಲ್, ಎಲ್, ಓ, ಡಬ್ಲ್ಯೂ ಬಂತು. ಎಂಟನೇ ಹಾಳೆಗೆ ಕಾರ್ಟ್ರಿಜ್ ಬರಿದಾಯಿತು, ಹೊಸದು ಹಾಕಿದೆ. ಹನ್ನೆರಡನೇ ಹಾಳೆ ನಿಧಾನಕ್ಕೆ ಹೊರಬಂತು. ಪೂರ್ತಿ ಕಪ್ಪು ಹಿನ್ನೆಲೆ, ನಡುವೆ ಒಂದು ಬೀಗದ ಚಿತ್ರ, ಕೆಳಗೆ "ಈ ಅಕ್ಷರ ಪ್ರೀಮಿಯಂ ಸದಸ್ಯರಿಗೆ". ಹದಿಮೂರನೆಯದೂ ಬೀಗ. ಹದಿನಾಲ್ಕನೆಯದೂ ಬೀಗ. ಇ, ಇ, ಎನ್. ಬೀಗದ ಹಾಳೆಯನ್ನೂ ಕಪ್ಪು ತುಂಬಿಯೇ ಕೊಟ್ಟಿದ್ದಾರೆ. ಆಮೇಲೆ ಕೂತು ಒಂದೊಂದೇ ತೆರೆದು ನೋಡಿದೆ: ಬೀಗ ಹಾಕಿದ್ದು ಇ, ಎನ್, ಎಸ್, ಟಿ, ಆರ್. ಹ್ಯಾಲೋವೀನ್‌ನ ಹೆಚ್ಚಿನ ಮಾತು ಬರೆಯಲು ಹೋದರೆ ಇವುಗಳಲ್ಲಿ ಒಂದಾದರೂ ಬೇಕು. ಝಡ್ ಬಿಟ್ಟಿ, ಕ್ಯೂ ಬಿಟ್ಟಿ, ಎಕ್ಸ್ ಬಿಟ್ಟಿ. ಯೋಚಿಸಿಯೇ ಆರಿಸಿದ್ದಾರೆ.

ಇಂಕ್ ಲೆಕ್ಕ ಹೇಳುತ್ತೇನೆ, ಇದು ಎಲ್ಲರಿಗೂ ಉಪಯೋಗಕ್ಕೆ ಬರುತ್ತೆ. ಕಾರ್ಟ್ರಿಜ್ ಡಬ್ಬಿಯ ಮೇಲೆ "120 ಪುಟ" ಅಂತ ಇದ್ದರೆ ಅದು ಪುಟದ ಸುಮಾರು ನೂರಕ್ಕೆ 5 ಭಾಗ ಮಾತ್ರ ಇಂಕ್ ಬೀಳುವ ಸಾಧಾರಣ ಪತ್ರದ ಲೆಕ್ಕ. ಕಪ್ಪು ಹಿನ್ನೆಲೆಯ ತೋರಣದ ಹಾಳೆಯಲ್ಲಿ ನೂರಕ್ಕೆ 80 ಭಾಗ ಕಪ್ಪು. ಅಂದರೆ 16 ಪಟ್ಟು. 120ನ್ನು 16ರಿಂದ ಭಾಗಿಸಿ, ಏಳೂವರೆ ಹಾಳೆ. ಅಷ್ಟಕ್ಕೆ ಒಂದು ಕಾರ್ಟ್ರಿಜ್ ಖಾಲಿ. 14 ಹಾಳೆಗೆ ಹೆಚ್ಚುಕಡಿಮೆ ಎರಡು. ಒಂದಕ್ಕೆ 20 ಡಾಲರ್ ಆಸುಪಾಸು ಇಟ್ಟುಕೊಂಡರೂ ಉಚಿತ ತೋರಣ 40 ಡಾಲರ್ ಆಯಿತು, ಕಾರ್ಡಿನಿಂದ ಹೋದದ್ದು ಬೇರೆ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಫೋಟೋ ಪೇಪರ್ ಅಂತ ಇದ್ದರೆ ಇನ್ನೂ ಕೆಟ್ಟದ್ದು: ಎಷ್ಟೋ ಇಂಕ್‌ಜೆಟ್‌ಗಳು ಆಗ ಬಣ್ಣದ ಇಂಕ್‌ಗಳನ್ನು ಬೆರೆಸಿ ಕಪ್ಪು ಮಾಡುತ್ತವೆ, ಕಲರ್ ಕಾರ್ಟ್ರಿಜ್ ಕೂಡ ಬರಿದಾಗುತ್ತೆ. ಪ್ಲೇನ್ ಪೇಪರ್, ಗ್ರೇಸ್ಕೇಲ್, ಡ್ರಾಫ್ಟ್. ಈ ಮೂರೂ ಇರಲಿ.

ಬಾಗಿಲಿಗೆ ಅಂಟಿಸುವ ಆರು ಹಾಳೆಯ ಭೂತದ ಮುಖವೂ ಆ ಪ್ಯಾಕ್‌ನಲ್ಲಿತ್ತು. ಪುಟದಲ್ಲಿ ತೋರಿಸಿದ ಚಿತ್ರ ಚೂರಿಯಲ್ಲಿ ಕತ್ತರಿಸಿದಷ್ಟು ಚೊಕ್ಕ. ಕೊಟ್ಟ ಫೈಲ್ 612 ಅಡ್ಡ, 792 ಉದ್ದದ ಪಿಕ್ಸೆಲ್. ಅಮೆರಿಕದ ಲೆಟರ್ ಹಾಳೆಯ ಎಂಟೂವರೆ ಇಂಚು ಅಗಲಕ್ಕೆ 612 ಅಂದರೆ ಇಂಚಿಗೆ 72. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಬೇಕು, ಅಂದರೆ ಒಂದು ಲೆಟರ್ ಹಾಳೆಗೆ 2550 ಅಡ್ಡ, 3300 ಉದ್ದ. ಕಣ್ಣು, ಹಲ್ಲು ಎಲ್ಲ ಮೆಟ್ಟಿಲು ಮೆಟ್ಟಿಲಾಗಿ ಬಂತು. ಪ್ರಿಂಟ್ ಕೊಡುವ ಮೊದಲು ಪಿಡಿಎಫ್ ತೆರೆದು 400 ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿ. ಅಂಚು ನುಣುಪಾಗಿಯೇ ಉಳಿದರೆ ಫೈಲ್ ಒಳ್ಳೆಯದು. ಮೆಟ್ಟಿಲು ಕಂಡರೆ ಬಿಟ್ಟುಬಿಡಿ. ಅರ್ಧ ನಿಮಿಷದ ಕೆಲಸ. ನಾನು ಮಾಡಲಿಲ್ಲ.

ಅವರಿಗೆ ಬರೆದೆ. ಉತ್ತರಗಳನ್ನು ಕನ್ನಡಕ್ಕೆ ತಂದು ಇಲ್ಲಿ ಹಾಕುತ್ತಿದ್ದೇನೆ, ನಿಮಗೂ ಇವೇ ಮಾತು ಬರುತ್ತವೆ.

ಇ ಮತ್ತು ಎನ್ ಎಲ್ಲಿ ಅಂತ ಕೇಳಿದ್ದಕ್ಕೆ: "ನಮ್ಮನ್ನು ಸಂಪರ್ಕಿಸಿದ್ದಕ್ಕೆ ಸಂತೋಷ! ಆ ಅಕ್ಷರಗಳು ವಿಸ್ತೃತ ಅಕ್ಷರಮಾಲೆಯಲ್ಲಿ ಲಭ್ಯ." ವಿಸ್ತೃತ ಅಕ್ಷರಮಾಲೆ! ಇಂಗ್ಲಿಷಿನ ಐದನೇ ಅಕ್ಷರ ಯಾವಾಗಿನಿಂದ ವಿಸ್ತೃತ ಆಯಿತು? ಆ ಮೇಲ್ ನಾಲ್ಕು ಸಲ ಓದಿದೆ.

39.95 ಯಾಕೆ ತೆಗೆದಿರಿ ಅಂತ ಕೇಳಿದ್ದಕ್ಕೆ: "ನೀವೇ ಸ್ವಯಂ ಒಪ್ಪಿಗೆ ನೀಡಿದ್ದೀರಿ. ಷರತ್ತುಗಳು ಸ್ಪಷ್ಟವಾಗಿ ನಮೂದಾಗಿವೆ." ಎಲ್ಲಿ ಸ್ಪಷ್ಟ? ಬೂದು ಅಕ್ಷರದ ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ: "ನಿಮ್ಮ ಅಭಿಪ್ರಾಯವನ್ನು ವಿನ್ಯಾಸ ತಂಡಕ್ಕೆ ತಲುಪಿಸಿದ್ದೇವೆ."

ಹಣ ವಾಪಸ್ ಕೊಡಿ ಅಂದದ್ದಕ್ಕೆ: "ಇಳಿಸಿಕೊಂಡ ಡಿಜಿಟಲ್ ವಸ್ತುವಿಗೆ ಹಣ ಹಿಂದಿರುಗಿಸುವುದಿಲ್ಲ. ಸದ್ಭಾವನೆಯಿಂದ ನೂರಕ್ಕೆ 20 ಭಾಗ ಕೊಡಬಹುದು, ಸದಸ್ಯತ್ವ ಮುಂದುವರಿಸಿದರೆ." ಅಂದರೆ 7.99 ಕೊಟ್ಟು ಮುಂದಿನ ತಿಂಗಳು ಮತ್ತೆ 39.95 ಕೀಳುತ್ತಾರೆ. ಬೀಗ ಹಾಕಿದ ಫೈಲನ್ನು "ಇಳಿಸಿಕೊಂಡ ವಸ್ತು" ಅನ್ನುತ್ತಾರೆ. ಸೇರುವುದು ಒಂದು ಬಟನ್‌ನಲ್ಲಿ, ಬಿಡುವುದಕ್ಕೆ ಫೋನ್ ಮಾಡಬೇಕು, ಅದೂ ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಮಾತ್ರ.

ಸಿಕ್ಕಿಬಿದ್ದವರು ಮೊದಲು ಸದಸ್ಯತ್ವ ರದ್ದು ಮಾಡಿಸಿ, ರದ್ದಾದ ಮೇಲ್ ಎತ್ತಿಟ್ಟುಕೊಳ್ಳಿ, ಆಮೇಲೆ ಕಾರ್ಡ್ ಬ್ಯಾಂಕಿಗೆ ಹೋಗಿ. ಈ ಕ್ರಮ ತಪ್ಪಿದರೆ ಮುಂದಿನ ತಿಂಗಳಿನದೂ ಬೀಳುತ್ತೆ. ಕ್ರೆಡಿಟ್ ಕಾರ್ಡಿನ ತಪ್ಪು ಬಿಲ್ಲಿಗೆ ಅಮೆರಿಕದಲ್ಲಿ 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆ ಇದೆ: ಆ ಮೊತ್ತ ಮೊದಲು ಕಾಣಿಸಿಕೊಂಡ ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬರಹದಲ್ಲಿ ತಕರಾರು ಬ್ಯಾಂಕಿಗೆ ತಲುಪಬೇಕು. ಡೆಬಿಟ್ ಕಾರ್ಡಿಗೆ ಈ ಕಾಯ್ದೆ ಇಲ್ಲ, ಹಾಗಾಗಿ ಇಂಥ ಜಾಗದಲ್ಲಿ ಡೆಬಿಟ್ ಕಾರ್ಡ್ ಅಂತೂ ಬೇಡವೇ ಬೇಡ. 2010ರ ಇನ್ನೊಂದು ಕಾಯ್ದೆಯ ಪ್ರಕಾರ, ತಾನಾಗಿ ಮುಂದುವರಿಯುವ ಸದಸ್ಯತ್ವಕ್ಕೆ ಕಾರ್ಡ್ ವಿವರ ಕೇಳುವ ಮೊದಲೇ ಷರತ್ತನ್ನು ಸ್ಪಷ್ಟವಾಗಿ ತೋರಿಸಬೇಕು, ಬಿಡುವ ದಾರಿ ಸುಲಭವಾಗಿರಬೇಕು. ಗ್ರಾಹಕರ ಹಿತ ನೋಡುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ವಂಚನೆ ದೂರಿನ ಪುಟದಲ್ಲೂ ಬರೆಯಿರಿ. ನಾನು ಬರೆದಿದ್ದೇನೆ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ? ಕಪ್ಪನ್ನು ಪ್ರಿಂಟ್ ಮಾಡಲೇಬೇಡಿ, ಕಪ್ಪು ಕಾಗದ ಕೊಳ್ಳಿ. 9×12 ಇಂಚಿನ ಕಪ್ಪು ಕನ್‌ಸ್ಟ್ರಕ್ಷನ್ ಪೇಪರ್ (ಮಕ್ಕಳ ಕರಕುಶಲಕ್ಕೆ ಬಳಸುವ ಒರಟು ಬಣ್ಣದ ಕಾಗದ) ಕಟ್ಟಿಗೆ ಕೆಲವೇ ಡಾಲರ್. ಅಕ್ಷರಕ್ಕೆ ಯಾರ ಪ್ಯಾಕೂ ಬೇಡ. ಕಂಪ್ಯೂಟರಿನಲ್ಲಿ ದಪ್ಪ ಫಾಂಟ್, ಅಳತೆ 500 ಪಾಯಿಂಟ್, ಒಳಗೆ ಬಣ್ಣ ತುಂಬದೆ ಬರೀ ತೆಳು ಗೆರೆ. ದೊಡ್ಡಕ್ಷರ ಹೆಚ್ಚುಕಡಿಮೆ 5 ಇಂಚು ಎತ್ತರ ಬರುತ್ತೆ. ಪ್ರಿಂಟನ್ನು ಕಿತ್ತಳೆ ಕಾಗದದ ಮೇಲಿಟ್ಟು ಎರಡನ್ನೂ ಒಟ್ಟಿಗೆ ಕತ್ತರಿಸಿ, ಕಪ್ಪು ಹಾಳೆಗೆ ಅಂಟಿಸಿ. ಪದಗಳ ನಡುವೆ ಒಂದು ಖಾಲಿ ಹಾಳೆ ಸೇರಿ 15, ಒಂದೊಂದು 9 ಇಂಚು ಅಗಲ, ನಡುವೆ ಒಂದೊಂದು ಇಂಚು ಬಿಟ್ಟರೆ ಹನ್ನೆರಡೂವರೆ ಅಡಿ. ಕಟ್ಟಲು ಎರಡೂ ಕಡೆ ಸೇರಿ 15 ಅಡಿ ದಾರ ಇರಲಿ. 16 ಅಡಿಯ ಗರಾಜ್ ಬಾಗಿಲಿಗೆ ಸರಿಹೋಗುತ್ತೆ, ಮುಂಬಾಗಿಲಿಗೆ ದೊಡ್ಡದಾಯಿತು.

ಬಾವಲಿಗೆ ಅಚ್ಚು ಒಂದೇ ಸಾಕು. 3, 5, 8 ಇಂಚು ಹೀಗೆ ಮೂರು ಅಳತೆ. ಹಾಳೆಯನ್ನು ಮಡಚಿ ಅರ್ಧ ಬಾವಲಿ ಕತ್ತರಿಸಿದರೆ ಎರಡು ರೆಕ್ಕೆಯೂ ಸಮ ಬರುತ್ತೆ. ಮೈಗೆ ಮಾತ್ರ ಟೇಪ್, ರೆಕ್ಕೆ ಎತ್ತಿ ಬಿಡಿ. ಕನ್‌ಸ್ಟ್ರಕ್ಷನ್ ಪೇಪರ್ ತೇವಕ್ಕೆ ಎರಡೇ ದಿನದಲ್ಲಿ ಸೋಲುತ್ತೆ, ಹೊರಗಿನ ಬಾವಲಿಗೆ 65 ಪೌಂಡ್ ಕಾರ್ಡ್‌ಸ್ಟಾಕ್, ಅಂದರೆ ಗಟ್ಟಿ ದಪ್ಪ ಕಾಗದ, ಬೇಕು. ಗೋಡೆಗೂ ಕಿಟಕಿಗೂ ಸುಲಭವಾಗಿ ಬಿಡುವ ಪೇಂಟರ್ಸ್ ಟೇಪ್, ಬೇರೆ ಟೇಪ್ ಬಣ್ಣ ಕಿತ್ತುಕೊಂಡು ಬರುತ್ತೆ. ಇಂಕ್‌ಜೆಟ್ ಪ್ರಿಂಟನ್ನು ಹೊರಗಿಟ್ಟರೆ ಅಕ್ಟೋಬರ್ ಇಬ್ಬನಿಗೇ ಬಣ್ಣ ಇಳಿಯುತ್ತೆ. ಲೇಸರ್ ಪ್ರಿಂಟ್ ಇಳಿಯುವುದಿಲ್ಲ. ಹತ್ತಿರದ ಪಬ್ಲಿಕ್ ಲೈಬ್ರರಿಯಲ್ಲಿ ಲೇಸರ್ ಪ್ರಿಂಟರ್ ಇದ್ದರೆ ಅಲ್ಲೇ ತೆಗೆಸಿ. ಲ್ಯಾಮಿನೇಟ್ ಮಾಡುವುದಾದರೆ ಕತ್ತರಿಸಿದ ಮೇಲೆ ಮಾಡಿ, ಸುತ್ತ ಕಾಲು ಇಂಚು ಪ್ಲಾಸ್ಟಿಕ್ ಅಂಚು ಬಿಡಿ. ಕಾಗದದ ಅಂಚಿಗೇ ಕತ್ತರಿಸಿದರೆ ನೀರು ಅಲ್ಲಿಂದಲೇ ನುಗ್ಗುತ್ತೆ.

ಚಿತ್ರ ಬೇಕೆಂದರೆ ನಿಜಕ್ಕೂ ಉಚಿತವಾದ ಜಾಗಗಳಿವೆ, ಕಾರ್ಡ್ ಕೇಳುವುದಿಲ್ಲ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿ 2016ರಲ್ಲಿ ಹಕ್ಕು ಮುಗಿದ 1,80,000ಕ್ಕೂ ಹೆಚ್ಚು ಚಿತ್ರ, ಪುಟಗಳನ್ನು ದೊಡ್ಡ ಅಳತೆಯಲ್ಲಿ ತೆರೆದಿಟ್ಟಿತು. ಅಮೆರಿಕದ ಮ್ಯೂಸಿಯಂಗಳ ಸಂಸ್ಥೆ ಸ್ಮಿತ್ಸೋನಿಯನ್ 2020ರಲ್ಲಿ 28 ಲಕ್ಷ ಚಿತ್ರ ಬಿಟ್ಟಿತು. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹ್ಯಾಲೋವೀನ್‌ನದೇ ಒಂದು ಗುಂಪಿದೆ. ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1904ರಲ್ಲಿ ಅಚ್ಚು ಹಾಕಿಸಿದ ಬಾವಲಿ ಮುಖಗಳ ಹಾಳೆ ಹುಡುಕಿ ನೋಡಿ. ಅದನ್ನು ದೊಡ್ಡದು ಮಾಡಿ ಚೌಕಟ್ಟಿಗೆ ಹಾಕಿದರೆ ಅಂಗಡಿಯ ಯಾವ ಪ್ಲಾಸ್ಟಿಕ್ ಭೂತವೂ ಅದರ ಮುಂದೆ ನಿಲ್ಲದು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಮಾಡುವವರಿಗೆ ಒಂದು ಮಾತು: ಈ ಫೈಲ್‌ಗಳು ಹೆಚ್ಚಿನವು ಅಮೆರಿಕದ ಲೆಟರ್ ಅಳತೆಯವು. ಎ4 ಅದಕ್ಕಿಂತ 6 ಮಿಲಿಮೀಟರ್ ಕಿರಿದು. ಪ್ರಿಂಟ್ ಮಾಡುವಾಗ ಆ್ಯಕ್ಚುಯಲ್ ಸೈಜ್ ಕೊಟ್ಟರೆ ಪಕ್ಕ ಕತ್ತರಿಸಿ ಹೋಗುತ್ತೆ, ಸ್ಕೇಲ್ 97 ಪರ್ಸೆಂಟ್ ಅಂತ ಕೊಡಿ. ಕಾಗದದ ಲಾಟೀನು, ಡಬ್ಬಿಯಂಥವುಗಳ ಎಲ್ಲ ಹಾಳೆಗೂ ಅದೇ 97 ಇರಬೇಕು. ಒಂದು 97, ಒಂದು 100 ಆದರೆ ತುದಿ ಕೂಡುವುದಿಲ್ಲ.

ಇನ್ನೊಂದು, ಇದು ದುಡ್ಡಿಗಿಂತ ದೊಡ್ಡದು. 2024ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಅಕ್ಟೋಬರ್ 31ಕ್ಕೇ ಬಂದಿದ್ದವು, ಎಷ್ಟೋ ವರ್ಷ ಹತ್ತಿರ ಹತ್ತಿರ ಬರುತ್ತವೆ. ನಮ್ಮ ಮನೆಗಳ ಹೊಸ್ತಿಲಲ್ಲಿ ಎಣ್ಣೆ ಹಣತೆ ಇರುತ್ತೆ, ಅದರ ಮೇಲೆಯೇ ಕಾಗದದ ಬಾವಲಿ, ಕ್ರೇಪ್ ಕಾಗದ ತೂಗುತ್ತೆ, ಮಕ್ಕಳ ಉದ್ದನೆ ನಿಲುವಂಗಿ ನೆಲ ಗುಡಿಸುತ್ತೆ. ದಯವಿಟ್ಟು ಬೇಡ. ಆ ರಾತ್ರಿ ಹೊಸ್ತಿಲಿಗೆ ಬ್ಯಾಟರಿ ದೀಪ, ಎಣ್ಣೆಯ ಹಣತೆ ದೇವರ ಮುಂದೆ. ಕಾಗದದ ಚೀಲದೊಳಗೆ ದೀಪ ಇಡುವುದಾದರೂ ಬ್ಯಾಟರಿಯದೇ, ಗಾಳಿಗೆ ಉರುಳದಂತೆ ತಳದಲ್ಲಿ ಒಂದೆರಡು ಇಂಚು ಮರಳು.

ನನ್ನ ತಕರಾರು ಬ್ಯಾಂಕಿನಲ್ಲಿದೆ, ಇನ್ನೂ ಇತ್ಯರ್ಥ ಆಗಿಲ್ಲ. ಬೆಳಿಗ್ಗೆ ಆ ಪುಟ ಮತ್ತೆ ತೆರೆದು ನೋಡಿದೆ. ಕಪ್ಪು ಕಿತ್ತಳೆ ಹೋಗಿ ಕಂದು ಬಣ್ಣ ಬಂದಿದೆ, "ಥ್ಯಾಂಕ್ಸ್‌ಗಿವಿಂಗ್ ಪ್ಯಾಕ್, ಸಂಪೂರ್ಣ ಉಚಿತ" ಅಂತ ಹಾಕಿದ್ದಾರೆ. ಬಟನ್‌ನ ಕೆಳಗಿನ ಬೂದು ಸಾಲು ಹಾಗೇ ಇದೆ.